ಎಡಗೈಯೊಳಗಿನ ಮೀನು

ಮೀನಿನ ಬೆನ್ನ ಮೇಲೆ ಗಂಟು ಎದ್ದಿರುವುದನ್ನು ನಮ್ಮ ಮನೆಯಲ್ಲಿ ಮೊದಲು ನೋಡಿದವನು ನನ್ನ ಅಪ್ಪ. ಇದನ್ನು ನಾನು ಈಗಲೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಕೇಳಿದವರು ಅದರಲ್ಲೇನು ದೊಡ್ಡದು ಎಂಬಂತೆ ನನ್ನ ಮುಖ ನೋಡುತ್ತಾರೆ. ದೊಡ್ಡದೇ. ಯಾಕೆಂದರೆ ಮೀನಿನ ಗಾಜಿನ ಪೆಟ್ಟಿಗೆ ಇದ್ದದ್ದು ಅಪ್ಪನ ಎಡಕ್ಕೆ, ಮತ್ತು ಅಪ್ಪನ ಪಾಲಿಗೆ ಎಡಗಡೆ ಅನ್ನುವುದೇ ಇಲ್ಲದಂತಾಗಿ ಆಗ ತಿಂಗಳುಗಳೇ ಕಳೆದಿದ್ದವು.

ನಮ್ಮದು ಶಹಾಪುರದಲ್ಲಿ ಭಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ. ಮದುವೆಗೆ ಬೇಕಾದ ಕೊಡ, ತಾಟು, ತಂಬಿಗೆ. ಅಪ್ಪ ಗಟ್ಟಿಯಾಗಿದ್ದ ಕಾಲದಲ್ಲಿ ಕೆಂಭಾವಿ ಸಂತೆಗೂ ಮಾಲು ಒಯ್ಯುತ್ತಿದ್ದ. ತಂಬಿಗೆಯನ್ನು ಎಡ ಅಂಗೈ ಮೇಲೆ ನಿಲ್ಲಿಸಿ, ಬಲಗೈ ಬೆರಳಿನಿಂದ ಅದರ ಕಂಠಕ್ಕೆ ಟಣ್ಣೆನ್ನಿಸಿ, ‘ಕೇಳ್ರಿ ಇದರ ದನಿ’ ಎನ್ನುತ್ತಿದ್ದ. ಆ ದನಿ ಕೇಳಿದ ಮೇಲೆ ತಂಬಿಗೆ ಬಿಟ್ಟು ಹೋಗುವ ಹೆಂಗಸು ಹುಟ್ಟಿರಲಿಲ್ಲ. ನಾನೂ ಹಾಗೇ ನಿಲ್ಲಿಸಿ ಹಾಗೇ ಬಡಿಯುತ್ತೇನೆ. ನನ್ನ ಕೈಯಲ್ಲಿ ಅದು ಬರೀ ಸದ್ದಾಗುತ್ತದೆ.

ಲಕ್ವಾ ಹೊಡೆದದ್ದು ಒಂದು ಮುಂಜಾನೆ, ಅಪ್ಪ ಲಿಂಗಪೂಜೆಗೆ ಕೂತಾಗ. ನಮ್ಮಲ್ಲಿ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ನೆಟ್ಟು ಕೂಡುತ್ತಾರೆ. ಪೂಜೆ ಆಗದೆ ಬಾಯಿಗೆ ನೀರೂ ಇಲ್ಲ. ಅವತ್ತು ನೀರೆರೆಯುವಷ್ಟರಲ್ಲಿ ಅಪ್ಪನ ಎಡಗೈ ತನ್ನಷ್ಟಕ್ಕೆ ತಾನೇ ಸೊಟ್ಟಗಾಗಿ ಲಿಂಗ ಜಾರಿತು. ಮಡಿಲಲ್ಲಿ ಬಿತ್ತು, ನೆಲಕ್ಕೆ ಬೀಳಲಿಲ್ಲ. ಅಪ್ಪ ಒಂದು ಕಡೆಗೆ ವಾಲುತ್ತ ವಾಲುತ್ತ ಬಲಗೈಯಿಂದ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಕಲಬುರಗಿ ಆಸ್ಪತ್ರೆಯಲ್ಲಿ ಮಾತು ಸ್ವಲ್ಪ ತೊದಲುತ್ತ ಮರಳಿ ಬಂದಾಗ ಅವನು ಮೊದಲು ಕೇಳಿದ್ದು, ‘ನೆಲಕ್ಕ ಬಿತ್ತೇನು?’ ಎಂದು.

‘ಇಲ್ರಿ, ಮಡಲಾಗ ಬಿತ್ತು. ನೀವ ಹಿಡಕೊಂಡ್ರಿ’ ಎಂದಳು ಅವ್ವ.

‘ಈ ಕೈ ಬಿಟ್ತು.’ ಅಪ್ಪ ಬಲಗೈಯನ್ನು ಎತ್ತಿ ಎಡಗೈ ಇರಬೇಕಾದ ಜಾಗದತ್ತ ಸುಮ್ಮನೆ ಬೀಸಿದ. ಕೈ ಎಲ್ಲಿದೆ ಎಂದು ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು: ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ಆದರೆ ಎಡಗಡೆ ಅನ್ನುವುದೊಂದಿದೆ ಎಂಬುದೇ ಮೆದುಳಿಗೆ ಮರೆತುಹೋಗಿದೆ. ನನಗೆ ಅದು ಅರ್ಥವಾದದ್ದು ಮನೆಗೆ ಬಂದು ಊಟಕ್ಕೆ ಕೂಡಿಸಿದಾಗ. ತಾಟಿನ ಬಲಗಡೆ ಇದ್ದ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಖಾಲಿ ಮಾಡಿದ ಅಪ್ಪ, ಎಡಗಡೆಯ ಬದನೆಕಾಯಿ ಪಲ್ಯ ಹಾಗೇ ಇರುವಾಗಲೇ ನನ್ನ ಹೆಂಡತಿಗೆ, ‘ಯಾಕವ್ವ, ಇವತ್ತು ಪಲ್ಯಾನ ಮಾಡಿಲ್ಲೇನು?’ ಎಂದ. ಅವಳು ತಾಟನ್ನು ಅರ್ಧ ಸುತ್ತು ತಿರುಗಿಸಿದಳು. ‘ಹಾಂ, ಈಗ ಬಂತು’ ಎಂದು ಅಪ್ಪ ಖುಷಿಯಿಂದ ತಿಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ತಾಟು ತಿರುಗಿಸುವುದು ಬಡಿಸುವಷ್ಟೇ ಸಹಜವಾಯಿತು.

ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡರೆ ಮೂರೂ ಬೆರಳು ಬಲಗಡೆಯಿಂದ ಹೊರಟು ನಡುಹಣೆಗೆ ಬಂದು ನಿಂತುಬಿಡುತ್ತಿದ್ದವು. ಉಳಿದರ್ಧವನ್ನು ಅವ್ವ ತನ್ನ ಬೆರಳಿನಿಂದ ಎಳೆದು ಮುಗಿಸುತ್ತಿದ್ದಳು. ಹಾಗೆ ಮುಗಿಸುವುದು ಅಪ್ಪನಿಗೆ ಗೊತ್ತಾಗಬಾರದೆಂದು ಕೂದಲು ಸರಿಮಾಡುವ ನೆಪ ಮಾಡುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ಮನೆಯವರಿಗೆಲ್ಲ ಒಂದು ಮಾತು ಹೇಳಿಹೋಗಿದ್ದಳು. ಎಲ್ಲರೂ ಎಡಗಡೆಯಿಂದಲೇ ಮಾತಾಡಿಸಿ, ಅವರಿಗೆ ಬೇಕಾದದ್ದನ್ನು ಎಡಗಡೆಯೇ ಇಡಿ, ಕತ್ತು ತಿರುಗಲಿ. ನಾನು ಎರಡು ದಿನ ಮಾಡಿ, ಅಪ್ಪ ತಿರುಗದಿದ್ದಾಗ ಸಿಟ್ಟು ಬಂದು ಬಲಗಡೆಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ತಾಳ್ಮೆ ಅಷ್ಟೇ. ಗಿರಾಕಿಗಳನ್ನು ಕೇಳಿದರೂ ಹೇಳುತ್ತಾರೆ. ಅವ್ವ ಮಾತ್ರ ಒಂದು ಸಣ್ಣ ಮಣೆ ಹಾಕಿಕೊಂಡು ಅಪ್ಪನ ಕುರ್ಚಿಯ ಎಡಕ್ಕೆ ಕೂತವಳು ಅಲ್ಲಿಂದ ಏಳಲಿಲ್ಲ. ಅಕ್ಕಿ ಆರಿಸುವುದು ಅಲ್ಲೇ, ಹುಣಸೆಹಣ್ಣು ಬಿಡಿಸುವುದು ಅಲ್ಲೇ, ಸುರಪುರದ ತವರಿನವರ ಫೋನು ಬಂದರೆ ಮಾತಾಡುವುದೂ ಅಲ್ಲೇ.

ಅಪ್ಪನ ಎಡಗೈ ಅವಳ ಕೈಯಲ್ಲಿರುತ್ತಿತ್ತು. ಹಾಗಿರುವಾಗಲೇ ಅಪ್ಪ ಬಲಗಡೆಯ ಬಾಗಿಲಿನತ್ತ ನೋಡುತ್ತ ನನ್ನನ್ನು ಕೇಳುತ್ತಿದ್ದ: ‘ನಿಮ್ಮವ್ವ ಎಲ್ಲಿ ಹೋಗ್ಯಾಳೋ?’

‘ಇಲ್ಲೇ ಅದೀನ್ರಿ, ನಿಮ್ಮ ಬಾಜೂಕ.’

ದನಿ ಕೇಳಿ ಅಪ್ಪ ಇನ್ನಷ್ಟು ಬಲಕ್ಕೆ ತಿರುಗಿ ಅಡುಗೆಮನೆಯೊಳಗೆ ಹುಡುಕುತ್ತಿದ್ದ. ಕಾಣದೆ, ‘ಮನ್ಯಾಗ ಒಂದು ಗಳಿಗಿ ನಿಲ್ಲಲ್ಲ ಆಕಿ’ ಎಂದು ಬೇಸರಪಡುತ್ತಿದ್ದ. ಆಗ ಅವ್ವನ ಮುಖ ನೋಡುವುದಕ್ಕೆ ನನಗೆ ಆಗುತ್ತಿರಲಿಲ್ಲ. ‘ಯವ್ವಾ, ನೀ ಬಲಕ್ಕ ಬಂದು ಕೂಡು, ಕಾಣ್ತಿ’ ಎಂದು ಎಷ್ಟೋ ಸಲ ಹೇಳಿದೆ.

‘ಡಾಕ್ಟರಮ್ಮ ಎಡಕ್ಕ ಕೂಡು ಅಂದಾಳ. ನಾ ಎಡಕ್ಕ ಕೂಡಾಕಿ. ಅವರಿಗಿ ಖಬರ್ ಬಂದ ದಿನ ನಾ ಇಲ್ಲಿ ಇರಬೇಕಲ್ಲೋ?’

ಪೂಜೆಯಂತೂ ನಿಂತೇಹೋಗಿತ್ತು. ಒಂದೇ ಕೈಯಲ್ಲಿ ಲಿಂಗ ಹಿಡಿದು ಅದೇ ಕೈಯಿಂದ ನೀರೆರೆಯುವುದು ಹೇಗೆ? ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತೆಯೂ ಇಲ್ಲ. ಅವ್ವ, ‘ಎಡಗೈ ನಾ ಕೆಳಗಿಂದ ಹಿಡಿತೀನಿ, ಮ್ಯಾಲ ನೀವ ಇಟ್ಕೊರ್ರಿ’ ಎಂದರೆ ಅಪ್ಪ ಕೇಳುತ್ತಿರಲಿಲ್ಲ. ‘ಬ್ಯಾಡ. ಈ ಕೈ ಒಮ್ಮಿ ಬಿಟ್ಟದ. ಇದರ ಮ್ಯಾಲ ನನಗ ನಂಬಿಕಿಲ್ಲ’ ಎಂದು ಮುಚ್ಚಿದ ಕರಡಿಗೆಯನ್ನೇ ಕಣ್ಣಿಗೊತ್ತಿಕೊಂಡು, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಅಷ್ಟು ವರ್ಷ ಜೋರಾಗಿ ವ್ಯಾಪಾರ ಮಾಡಿದ ಮನುಷ್ಯ ಹಾಗೆ ಊಟ ಮಾಡುವುದನ್ನು ನೋಡಲಾಗದೆ ನಾನು ಬೇಗ ಅಂಗಡಿಗೆ ಹೊರಟುಬಿಡುತ್ತಿದ್ದೆ.

ಮೀನಿನ ವಿಷಯ ಹೊಳೆದದ್ದು ಯಾದಗಿರಿಯ ಒಂದು ದವಾಖಾನೆಯಲ್ಲಿ. ರಕ್ತ ಪರೀಕ್ಷೆಗೆಂದು ಕರೆದುಕೊಂಡು ಹೋಗಿದ್ದೆವು. ಕಾಯುವ ಕೋಣೆಯ ಎಡಗೋಡೆಗೆ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಕೆಂಪು ಮೀನುಗಳು. ನಾನು ಚೀಟಿ ಮಾಡಿಸಿ ಬರುವಷ್ಟರಲ್ಲಿ ಅಪ್ಪನ ಕತ್ತು ಒಂದಿಷ್ಟು, ಬಹಳವೇನಲ್ಲ, ಎಡಕ್ಕೆ ಹೊರಳಿತ್ತು. ಬಲಗಡೆಗೆ ಈಜಿ ಬಂದ ಮೀನೊಂದು ಅವನ ಕಣ್ಣಿಗೆ ಬಿದ್ದಿರಬೇಕು. ಅದು ಮರಳಿ ಎಡಕ್ಕೆ ಹೋಗುವಾಗ ಕಣ್ಣು ಅದರ ಬೆನ್ನು ಹತ್ತಿತ್ತು. ಟಿವಿ ಎಡಕ್ಕಿಟ್ಟು ನೋಡಿದ್ದೆವು, ಆಗಿರಲಿಲ್ಲ. ಟಿವಿ ಇದ್ದಲ್ಲೇ ಇರುತ್ತದೆ. ಮೀನು ಬಂದು ಕರೆದುಕೊಂಡು ಹೋಗುತ್ತದೆ. ಅವತ್ತೇ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಒಂದು ಪೆಟ್ಟಿಗೆ, ಒಂದು ಬಂಗಾರದ ಬಣ್ಣದ ಮೀನು ಕೊಂಡೆವು. ಪಾಲಿಥಿನ್ ಚೀಲದ ನೀರಿನೊಳಗಿನ ಅದನ್ನು ಶಹಾಪುರದ ತನಕ ನನ್ನ ಹೆಂಡತಿ ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಅವ್ವ ಹೊಸ್ತಿಲಲ್ಲೇ ತಡೆದಳು. ‘ಲಿಂಗ ಕಟ್ಟಿದವರ ಮನ್ಯಾಗ ಮೀನ? ಮಂದಿ ಏನಂದಾರು?’

‘ತಿನ್ನಾಕ ತಂದಿಲ್ರಿ ಅತ್ತಿ, ನೋಡಾಕ ತಂದೀವಿ.’

ಮಂದಿ ಅನ್ನುವುದನ್ನು ಅಂದರು. ಎದುರು ಮನೆಯವರು ಭೀಮಾ ದಂಡೆಯ ಕಡೆಯವರು, ತಲೆತಲಾಂತರದಿಂದ ಮೀನು ಹಿಡಿದವರು. ಆ ಮನೆಯ ಹೆಂಗಸು ದಿನಾ ಮುಂಜಾನೆ ಅಂಗಳ ಗುಡಿಸುತ್ತ, ‘ಏನ್ರೀ ಅಕ್ಕಾರ, ಎಣ್ಣಿ ಕಾಯಾಕ ಇಟ್ಟೀರೇನು?’ ಎಂದು ಕೇಳಿ ನಗುತ್ತಿದ್ದಳು. ಅವ್ವ ಸೆರಗು ಬಾಯಿಗೆ ಹಿಡಿದು, ‘ಶಿವನ, ಶಿವನ’ ಎಂದು ಒಳಗೆ ಬರುತ್ತಿದ್ದಳು. ಆದರೆ ವಾರ ಕಳೆಯುವಷ್ಟರಲ್ಲಿ ಅವಳೇ ಆ ಪೆಟ್ಟಿಗೆಯ ಗಾಜು ಒರೆಸಲು ಶುರು ಮಾಡಿದಳು. ಯಾಕೆಂದರೆ ಅಪ್ಪ ತಿರುಗುತ್ತಿದ್ದ. ಮೀನು ಎಡದ ಮೂಲೆಗೆ ಹೋದರೆ ಅಪ್ಪನ ಗದ್ದ ಹೆಗಲಿನ ತನಕ ಹೋಗುತ್ತಿತ್ತು. ನಾನು ಚೇಷ್ಟೆಗೆ, ‘ಅಂತೂ ಎಡಕ್ಕ ತಿರುಗಿದೆಪಾ’ ಎಂದರೆ, ‘ನಮ್ಮೂರಿಗಿ ಕಾಲುವಿ ನೀರು ಬರೋದ ಎಡದಂಡಿಯಿಂದ. ತಿರುಗದ ಏನ್ ಮಾಡಬೇಕು?’ ಎನ್ನುತ್ತಿದ್ದ. ಮೀನಿಗೆ ಹೆಸರಿಡಲಿಲ್ಲ. ‘ಆಕಿ’ ಎನ್ನುತ್ತಿದ್ದ, ಅಷ್ಟೇ.

ಆಕಿಯನ್ನು ನೋಡುವ ಕಣ್ಣು ಪೆಟ್ಟಿಗೆಗೆ ಜಾಗ ಬಿಟ್ಟು ಆಚೆಗೆ ಸರಿದಿದ್ದ ಅವ್ವನ ಮಣೆಯ ತನಕ ಮಾತ್ರ ಹೋಗಲಿಲ್ಲ. ಪೆಟ್ಟಿಗೆ ದಾಟಿದರೆ ಮತ್ತೆ ಅಪ್ಪನಿಗೆ ಏನೂ ಇರಲಿಲ್ಲ. ‘ನನ್ನ ನೋಡಾಕ ಆಗಲ್ಲ, ಮೀನ ನೋಡಾಕ ಆಗ್ತದ’ ಎಂದು ಅವ್ವ ನನ್ನ ಹೆಂಡತಿಯ ಮುಂದೆ ಒಮ್ಮೆ ಅಂದಳು. ನಗುತ್ತಲೇ ಅಂದಳು. ಆದರೆ ಆಮೇಲೆ ಹಿತ್ತಲಿಗೆ ಹೋಗಿ ತುಸು ಹೊತ್ತು ಬರಲೇ ಇಲ್ಲ.

ಹೀಗಿರುವಾಗ ಒಂದು ದಿನ ನಾನು ಅಂಗಡಿಗೆ ಹೊರಟವನು ಚಪ್ಪಲಿ ಮೆಟ್ಟುತ್ತಿದ್ದೆ. ಅಪ್ಪ ಕೂಗಿದ: ‘ಏ, ಬರ್ರೋ ಇಲ್ಲಿ. ಆಕಿ ಬೆನ್ನಿಗಿ ಏನೋ ಆಗ್ಯಾದ.’

ಎಲ್ಲರೂ ಬಂದು ಗಾಜಿಗೆ ಮೂಗು ಹಚ್ಚಿದೆವು. ಬೆನ್ನ ಮೇಲಿನ ರೆಕ್ಕೆಯ ಬುಡಕ್ಕೆ ಜೋಳದ ಕಾಳಿನಷ್ಟು ಒಂದು ಉಬ್ಬು. ಬಿಳಿಯೂ ಅಲ್ಲ, ಕೆಂಪೂ ಅಲ್ಲ. ಸುತ್ತಲಿನ ಹೊಳಪು ಹೋಗಿತ್ತು. ನನ್ನ ಹೆಂಡತಿ ನನ್ನ ತೋಳು ಚಿವುಟಿ ಪಿಸುಗುಟ್ಟಿದಳು, ‘ಎಡಕ್ಕಿದ್ದದ್ದು ಮಾವಾರು ನೋಡ್ಯಾರ. ನಾವು ಯಾರೂ ನೋಡಿಲ್ಲ.’ ಒಂದು ಗಳಿಗೆ ನಮಗೆ ಆ ಗಂಟಿನ ಮೇಲೆ ಪ್ರೀತಿಯೇ ಬಂತು. ಆಮೇಲೆ ಹೆದರಿಕೆ ಬಂತು. ಈ ಮೀನು ಹೋದರೆ ಅಪ್ಪನ ಕತ್ತು ಮತ್ತೆ ಬಲಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರೆ?

ಯಾದಗಿರಿಯ ಮೀನಿನ ಅಂಗಡಿಯವನಿಗೆ ಫೋನು ಹಚ್ಚಿ, ಅಪ್ಪನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ‘ಒಮ್ಮೊಮ್ಮಿ ಹಂಗ ಆಗ್ತಾವ್ರಿ ಸೇಠ’ ಎಂದ ಅವನು. ‘ಯಾಕಂತ ಹೇಳಾಕ ಬರಲ್ಲ. ಸುಮ್ನ ತಲಿ ಯಾಕ ಕೆಡಿಸ್ಕೊಂತೀರಿ, ಅದನ್ನ ಬಿಡ್ರಿ, ಬ್ಯಾರೆ ಒಯ್ರಿ. ಅದರಂಥದ್ದೇ ಅದಾವ.’

ಅಪ್ಪ ಫೋನಿನ ಕಡೆ ಕೊರಳು ಚಾಚಿದ. ‘ನನಗ ಲಕ್ವಾ ಹೊಡದಾಗ ಇವ್ರು ಬ್ಯಾರೆ ಅಪ್ಪನ್ನ ತಂದ್ರೇನು?’

ಆ ಕಡೆ ಅಂಗಡಿಯವನು, ‘ಹೌದ್ರಿ, ಹೌದ್ರಿ’ ಎಂದು ಫೋನು ಇಟ್ಟ.

ನಾನು ತಾಲೂಕಿನ ದನದ ದವಾಖಾನೆಗೆ ಹೋದೆ. ಡಾಕ್ಟರು ವನದುರ್ಗದ ಕಡೆ ಕುರಿಗಳಿಗೆ ಸೂಜಿ ಹಾಕಲು ಹೊರಟಿದ್ದರು. ವಿಷಯ ಕೇಳಿ ಮೊದಲು ನಕ್ಕರು. ‘ಎತ್ತು ಅಂದ್ರ ನೋಡ್ತೀನಿ, ಎಮ್ಮಿ ಅಂದ್ರ ನೋಡ್ತೀನಿ. ಮೀನ ಕಾಲೇಜಿನ್ಯಾಗ ಪರೀಕ್ಷಾಕ್ಕ ಓದಿದ್ದು, ಆಮ್ಯಾಲ ಹೋಟೆಲಿನ್ಯಾಗ ಭೇಟಿ.’ ಆದರೆ ಅಪ್ಪನ ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ, ಸಂಜೆ ಮರಳಿ ಬರುವಾಗ ಮನೆಗೇ ಬಂದರು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೆರಳು ಅದ್ದಿ ಮೂಸಿದರು. ಮತ್ತೆ ಮೂಸಿದರು.

‘ಈ ನೀರಾಗ ಹಾಲಿನ ವಾಸನಿ ಬರಾಕತ್ತದಲ್ರಿ?’

ನಾನು ತಲೆ ಕೆಡಿಸಿಕೊಂಡೆ. ನೀರು ನಾಲ್ಕು ದಿನಕ್ಕೇ ಮಬ್ಬಾಗುತ್ತಿದ್ದುದು ನಿಜ. ಮೋಟಾರು ಸರಿಯಿಲ್ಲವೆಂದು ಅಂಗಡಿಯವನನ್ನು ಬೈದಿದ್ದೆ, ಬೋರಿನ ಸವಳು ನೀರೆಂದು ನಗರಸಭೆಯವರನ್ನೂ ಬೈದಿದ್ದೆ. ಬೈಯಲು ಇನ್ನಾರು ಉಳಿದಿದ್ದಾರೆಂದು ನಾನು ಯೋಚಿಸುತ್ತಿರುವಾಗ ಮಣೆಯ ಮೇಲಿಂದ ಅವ್ವ ಎದ್ದು ನಿಂತಳು.

‘ನಾ ಹಾಕೀನ್ರಿ’ ಎಂದಳು.

ಪ್ರತಿ ಮುಂಜಾನೆ ತನ್ನ ಲಿಂಗಪೂಜೆ ಮುಗಿದ ಮೇಲೆ ಲಿಂಗ ತೊಳೆದ ನೀರನ್ನು, ಹಾಲು ವಿಭೂತಿ ಬೆರೆತ ನೀರನ್ನು, ಅವ್ವ ಹಿತ್ತಲಿನ ಪತ್ರಿ ಗಿಡಕ್ಕೆ ಹಾಕುತ್ತಿದ್ದಳು. ತುಳಿಯುವ ಜಾಗಕ್ಕೆ ಅದನ್ನು ಚೆಲ್ಲುವಂತಿಲ್ಲ. ಮೀನು ಬಂದಾಗಿನಿಂದ ಅದರಲ್ಲೇ ಒಂದಿಷ್ಟನ್ನು ಉಳಿಸಿ, ಯಾರೂ ಇಲ್ಲದಾಗ ಪೆಟ್ಟಿಗೆಗೆ ಹಾಕುತ್ತಿದ್ದಳಂತೆ. ‘ಅವರ ಪೂಜಿ ನಿಂತದ. ಮೀನ ಅವರ ಬಾಜೂಕ ಇರ್ತದ, ಅವರ ಕಣ್ಣ ಅದರ ಮ್ಯಾಲ ಇರ್ತದ. ಅದಕ್ಕರೆ ತೀರ್ಥ ಮುಟ್ಟಿದ್ರ ಅವರಿಗಿ ಮುಟ್ಟಿದಂಗ ಅಂತ...’ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಗಂಟ ಎದ್ದ ಮ್ಯಾಲ ಇನ್ನ ಜಾಸ್ತಿ ಹಾಕಿದೆ. ಕಮ್ಮಿ ಆಗಲಿ ಅಂತ. ನಾನ ಹಾಳ ಮಾಡಿದ್ನೇನ್ರಿ ಸಾಹೇಬ್ರ?’

ಡಾಕ್ಟರು ಪೇಚಿಗೆ ಬಿದ್ದರು. ‘ಛೆ ಛೆ, ಹಂಗೇನಿಲ್ಲಮ್ಮ. ಗಂಟು ಯಾಕ ಎದ್ದದೋ ನನಗೂ ಗೊತ್ತಾಗವಲ್ದು. ಆ ಗುಡ್ಡದ ಕಲ್ಲಿಗಿ ತಿಕ್ಕಿರಬಹುದು, ಹುಟ್ಟುತ್ತ ಬಂದಿರಬಹುದು. ನೀರು ಕೆಟ್ಟದ್ದಕ್ಕ ಗಾಯ ಮಾಯವಲ್ದು, ಅಷ್ಟ ಹೇಳಬಲ್ಲೆ’ ಎಂದರು. ಅವರು ತೋರಿಸಿದ್ದು ನಾನು ಶೋಭೆಗೆಂದು ಪೆಟ್ಟಿಗೆಯಲ್ಲಿಟ್ಟ ನಮ್ಮ ಶಹಾಪುರ ಗುಡ್ಡದ ಒಂದು ಚೂಪು ಕಲ್ಲು. ಅದನ್ನು ತೆಗೆಯಿರಿ ಎಂದರು. ಅವ್ವನ ಜೊತೆಗೆ ನಾನೂ ಅಪರಾಧಿಗಳ ಸಾಲಿಗೆ ಸೇರಿದ್ದರಿಂದ ಅವಳಿಗೆ ಸ್ವಲ್ಪ ಧೈರ್ಯ ಬಂದಿರಬೇಕು. ಮೂಗು ಒರೆಸಿಕೊಂಡು ಕೂತಳು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವ್ವ ಎಲ್ಲಿದ್ದಾಳೋ ತಿಳಿಯದೆ ಬಲಗಡೆಯ ಬಾಗಿಲಿಗೇ ಹೇಳಿದ: ‘ಅಳಬ್ಯಾಡ. ನನ್ನ ಸಲುವಾಗಿ ಹಾಕೀದಿ. ಆಕಿ ಏನೂ ಅನ್ಕೊಳ್ಳಲ್ಲ.’

ಚಿಕಿತ್ಸೆ ಹೇಳಲು ಸರಳವಾಗಿತ್ತು. ದಿನಾ ಸ್ವಲ್ಪ ನೀರು ಬದಲಿಸಬೇಕು, ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಹಾಕಬೇಕು, ಹರಳುಪ್ಪು ಒಂದಿಷ್ಟು ಕರಗಿಸಬೇಕು. ಮುಂಜಾನೆ ಮೀನನ್ನು ಅದೇ ನೀರು ತುಂಬಿದ, ಬೋಗುಣಿಯಂಥ ಅಗಲ ಬುಟ್ಟಿಗೆ ಬಿಟ್ಟು, ಒದ್ದೆ ಕೈಯಲ್ಲಿ ಮೆಲ್ಲಗೆ ಮೇಲೆತ್ತಿ, ಬೆನ್ನಷ್ಟೇ ನೀರಿನಿಂದ ಹೊರಬರುವಂತೆ ಹಿಡಿದು, ಗಾಯಕ್ಕೆ ಹಚ್ಚುವ ಕಂದು ಔಷಧವನ್ನು ತೆಳ್ಳಗೆ ಮಾಡಿ ಹತ್ತಿಯಿಂದ ಮುಟ್ಟಿಸಬೇಕು. ಕಿವಿರಿಗೆ ತಾಗಬಾರದು. ‘ಹಿಚಕಬ್ಯಾಡ್ರಿ ಮತ್ತ’ ಎಂದು ಡಾಕ್ಟರು ನನ್ನ ಕೈಗಳನ್ನು ನೋಡಿ ಎರಡು ಸಲ ಹೇಳಿದರು.

ಮರುದಿನ ಅಂಗಡಿಯಿಂದ ಒಂದು ಅಗಲ ಸ್ಟೀಲ್ ಬುಟ್ಟಿ ತಂದೆ. ಅದನ್ನು ಅಪ್ಪನ ಎಡಕ್ಕೆ ಸ್ಟೂಲಿನ ಮೇಲಿಟ್ಟು, ಅವ್ವ ಅಲುಗಾಡದಂತೆ ಅದರ ಅಂಚು ಹಿಡಿದು, ನನ್ನ ಹೆಂಡತಿ ಹತ್ತಿ ಸಿದ್ಧಮಾಡಿ, ಎಲ್ಲ ಮದುವೆ ಮನೆಯ ತಯಾರಿ. ನಾನು ತೋಳು ಮಡಿಸಿ ಕೈ ಹಾಕಿದೆ. ಮೀನು ಬಲಕ್ಕೆ ಹೋಯಿತು, ಬೆನ್ನು ಹತ್ತಿದೆ. ಎಡಕ್ಕೆ ಹೋಯಿತು, ಬೆನ್ನು ಹತ್ತಿದೆ. ಕಡೆಗೂ ಸಿಕ್ಕಿತು ಎನ್ನುವಾಗ ಸಿಟ್ಟಿನಿಂದ ಬಿಗಿ ಹಿಡಿದೆನೋ ಏನೋ, ಅದು ಕೈಯಿಂದ ಪುಟಿದು ನೆಲಕ್ಕೆ ಬಿತ್ತು. ಅಪ್ಪನ ಬಾಯಿಂದ ಒಂದು ಸದ್ದು ಹೊರಟಿತು. ಲಿಂಗ ಜಾರಿದ ದಿನ ಅದೇ ಸದ್ದು ಕೇಳಿ ನಾನು ಪೂಜಾಕೋಣೆಗೆ ಓಡಿದ್ದೆ. ನನ್ನ ಹೆಂಡತಿ ಒದ್ದೆ ಬಟ್ಟೆಯಲ್ಲಿ ಮೀನನ್ನು ಎತ್ತಿ ನೀರಿಗೆ ಬಿಟ್ಟಳು. ಅದು ಅಡ್ಡ ಬಿದ್ದು, ಆಮೇಲೆ ನಿಧಾನಕ್ಕೆ ನೆಟ್ಟಗಾಯಿತು.

ನನಗೆ ಕಣ್ಣಲ್ಲಿ ನೀರು ಬಂದಿತ್ತು, ಅದು ಕಾಣಬಾರದೆಂದು ಸ್ಟೂಲನ್ನು ಬೈಯುತ್ತಿದ್ದೆ.

‘ನಿನ್ನ ಕೈಯಾಗ ಜೋರು ಭಾಳ ಅದ’ ಎಂದ ಅಪ್ಪ. ಆಮೇಲೆ ಕೇಳಿದ: ‘ನನ್ನ ಆ ಕೈ ಎಲ್ಲದ?’

ಆ ಕೈಯನ್ನು ಅವನು ಕೇಳಿದ್ದು ಅದೇ ಮೊದಲು. ನಾನು ಮಡಿಲಿನಿಂದ ಎತ್ತಿ ಕೊಡಹೋದೆ. ‘ಬ್ಯಾಡ, ನಾ ಹುಡುಕ್ತೀನಿ’ ಎಂದ. ಬಲಗೈ ಹೊಟ್ಟೆಯ ಮೇಲೆ ತಡಕಾಡುತ್ತ ಬಂದು, ಮೊಣಕೈ ಹಿಡಿದು, ಅಲ್ಲಿಂದ ಕೆಳಗಿಳಿದು, ಮಣಿಕಟ್ಟು ಸಿಕ್ಕಿದ ಮೇಲೆ ಅದನ್ನು ಎತ್ತಿ ಬುಟ್ಟಿಯ ನೀರೊಳಗೆ ಇಟ್ಟ. ಬೆರಳುಗಳು ಮಡಚಿಕೊಂಡಿದ್ದವು. ಜೀವಮಾನದಲ್ಲಿ ಮೀನಿನ ನೀರು ಮುಟ್ಟದಿದ್ದ ಅವ್ವ ಬುಟ್ಟಿಗೆ ಕೈ ಹಾಕಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪೂರ್ತಿ ಬಿಚ್ಚಲಿಲ್ಲ. ಅಂಗೈ ಸ್ವಲ್ಪ ಕುಳಿಯಾಗಿ, ಬೆರಳ ತುದಿಗಳು ಮೇಲಕ್ಕೆ ಬಾಗಿ ನಿಂತವು. ಪೂಜೆಗೆ ಕೂತಾಗ ಆ ಕೈ ಹಾಗೇ ಇರುತ್ತಿತ್ತು.

‘ಈಗ ಯಾರೂ ಆಕಿ ಬೆನ್ನ ಹತ್ತಬ್ಯಾಡ್ರಿ. ಬರ್ತಾಳ.’

ಕಾದೆವು. ಆ ಕೈಗೆ ಬೆನ್ನಟ್ಟುವ ಶಕ್ತಿ ಇರಲಿಲ್ಲ, ಹಿಚುಕುವ ಶಕ್ತಿಯೂ ಇರಲಿಲ್ಲ. ಮೀನು ಒಂದು ಸುತ್ತು ಹಾಕಿತು, ಹತ್ತಿರ ಬಂದು ಹೆಬ್ಬೆರಳನ್ನು ಬಾಯಿಂದ ಮುಟ್ಟಿ ಹೋಯಿತು, ಮತ್ತೆ ಬಂತು. ಕೊನೆಗೆ ಅಂಗೈಯ ಕುಳಿಯ ಮೇಲೆ ಬಂದು ನಿಂತಿತು. ಅಪ್ಪ ಬಲಗೈಯಿಂದ ಎಡ ಮಣಿಕಟ್ಟನ್ನು ಮೇಲೆತ್ತಿದ, ಎತ್ತಿದ್ದೇ ಗೊತ್ತಾಗದಷ್ಟು ಮೆಲ್ಲಗೆ. ಬೆನ್ನು ನೀರಿನಿಂದ ಹೊರಬಂತು. ನಾನು ಹತ್ತಿ ಮುಟ್ಟಿಸಿದೆ. ಮೀನು ಒಮ್ಮೆ ಬಾಲ ಆಡಿಸಿತು, ಆದರೆ ಹಾರಲಿಲ್ಲ. ಅಪ್ಪ ಮತ್ತೆ ಕೈ ಇಳಿಸಿದ.

‘ಬಿಡಲಿಲ್ಲ’ ಎಂದ. ‘ನೋಡಿದ್ರೇನು? ಕೈ ಬಿಡಲಿಲ್ಲ.’

ಆಮೇಲೆ ಅದೇ ನಮ್ಮ ಮನೆಯ ದಿನಚರಿಯಾಯಿತು. ಗಂಟು ಸಣ್ಣದಾಗುತ್ತಿದೆಯೇ ಎಂಬುದರ ಬಗ್ಗೆ ದಿನಾ ಜಗಳ. ಅವ್ವನ ಕಣ್ಣಿಗೆ ದಿನದಿನಕ್ಕೆ ಸಣ್ಣದು. ನನ್ನ ಕಣ್ಣಿಗೆ ಇದ್ದಷ್ಟೇ ಇತ್ತು, ಒಮ್ಮೊಮ್ಮೆ ದೊಡ್ಡದಾದಂತೆಯೂ ಕಾಣುತ್ತಿತ್ತು. ನನ್ನ ಹೆಂಡತಿ ಮಾತ್ರ, ‘ಆಕಿ ಉಣ್ಣಾಕತ್ತಾಳಿಲ್ಲೋ, ಅಷ್ಟ ನೋಡ್ರಿ’ ಎನ್ನುತ್ತಿದ್ದಳು. ನಡುವೆ ಒಮ್ಮೆ ಉಣ್ಣುವುದನ್ನೂ ಬಿಟ್ಟು ಮೂಲೆಯಲ್ಲಿ ತಳ ಹಿಡಿದು ಕೂತುಬಿಟ್ಟಿತು. ಅಪ್ಪನೂ ಅವತ್ತು ರೊಟ್ಟಿ ಮುಟ್ಟಲಿಲ್ಲ. ತಾಟು ಎಷ್ಟು ತಿರುಗಿಸಿದರೂ ಎರಡೂ ಕಡೆ ತುಂಬಿಯೇ ಇತ್ತು. ಎದುರು ಮನೆಯ ಹೆಂಗಸು ಅವತ್ತು ಎಣ್ಣೆಯ ಮಾತೆತ್ತಲಿಲ್ಲ. ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತು, ‘ಇವತ್ತು ಕೈ ಹಾಕಬ್ಯಾಡ್ರಿ, ಸುಮ್ನ ಇರಾಕ ಬಿಡ್ರಿ’ ಎಂದು ಅಪ್ಪನ ಹೆಗಲು ಮುಟ್ಟಿ ಹೋದಳು. ಮರುದಿನ ಮೀನು ತಾನೇ ಮೇಲೆ ಬಂತು, ಯಾಕೆ ಕೂತಿತ್ತು, ಯಾಕೆ ಎದ್ದಿತು ಎಂಬುದನ್ನು ಹೇಳದೆ. ಬೆನ್ನ ಮೇಲಿನ ಚರ್ಮ ನಿಧಾನಕ್ಕೆ ಮತ್ತೆ ಹೊಳಪಿಗೆ ಬಂತು. ಗಂಟು ಗಟ್ಟಿಯಾಗಿ ಅಲ್ಲೇ ಉಳಿಯಿತು. ಡಾಕ್ಟರು ಇನ್ನೊಮ್ಮೆ ಬಂದು ನೋಡಿ, ‘ಇನ್ನ ಅದಕ್ಕ ತ್ರಾಸ ಕೊಡಬ್ಯಾಡ್ರಿ, ಗಂಟು ಇಟ್ಕೊಂಡ ಬಾಳ್ವಿ ಮಾಡ್ತದ’ ಎಂದರು. ಅದೇನು ಗಂಟು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.

ಔಷಧ ನಿಂತರೂ ಅಪ್ಪ ಬುಟ್ಟಿ ನಿಲ್ಲಿಸಲಿಲ್ಲ. ಮುಂಜಾನೆಯಾದರೆ ತನ್ನ ಎಡಗೈಯನ್ನು ತಾನೇ ಹುಡುಕಿ ತಂದು ನೀರಲ್ಲಿಡುತ್ತಿದ್ದ. ಹುಡುಕುವ ಹೊತ್ತು ಕಡಿಮೆಯಾಗುತ್ತ ಬಂತು. ಒಂದು ದಿನ ಮಣಿಕಟ್ಟಿಗೆ ಬಲಗೈಯ ಆಸರೆಯಿಲ್ಲದೆ ಕೈ ಒಂದಿಷ್ಟು ತಾನಾಗಿಯೇ ಮೇಲೆದ್ದಿತು. ಅದನ್ನು ನೋಡಿದವರು ನಾವು ಮೂವರೂ. ನೋಡಿದೆವೆಂದು ಯಾರೂ ಬಾಯಿಬಿಡಲಿಲ್ಲ, ಹೇಳಿದರೆ ಹೋಗಿಬಿಡುವುದೇನೋ ಎಂಬ ಭಯಕ್ಕೆ.

ಅವತ್ತು ಸೋಮವಾರ, ಸಂತೆಯ ಗಡಿಬಿಡಿ ಇಲ್ಲದ ದಿನ. ನಾನು ಅಂಗಡಿಗೆ ತಡವಾಗಿ ಹೊರಟಿದ್ದೆ. ಅಪ್ಪ ಬುಟ್ಟಿಯಿಂದ ಕೈ ತೆಗೆದು, ಅದನ್ನು ತೊಳೆಸಿಕೊಂಡು, ಟವೆಲಿನಿಂದ ಒರೆಸಿದ. ಬೆರಳಿನ ಸಂದಿಗಳನ್ನೂ ಬಿಡದೆ ಒರೆಸಿದ. ಆಮೇಲೆ ನನ್ನ ಹೆಂಡತಿಗೆ, ‘ಒಂದು ತಂಬಗಿ ನೀರು ಕೊಡವ್ವ, ಪತ್ರಿ ತಾ’ ಎಂದ.

ಅವಳು ಓಡಿದಳು. ಅಪ್ಪ ಒಂದೇ ಕೈಯಿಂದ ಕರಡಿಗೆ ಬಿಚ್ಚಿದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮಡಿಲ ಮೇಲಿದ್ದ ಎಡ ಅಂಗೈಯನ್ನು ಅಪ್ಪ ಸ್ವಲ್ಪ ಹೊತ್ತು ನೋಡುತ್ತ ಕೂತ, ಹೊಸ ಗಿರಾಕಿಯನ್ನು ಉದ್ರಿ ಕೊಡಬೇಕೋ ಬೇಡವೋ ಎಂದು ನೋಡುತ್ತಿದ್ದ ಹಾಗೆ. ಆಮೇಲೆ ಲಿಂಗವನ್ನು ಅದರ ಮೇಲೆ ಇಟ್ಟ.

ಕೈ ನಡುಗಿತು. ಅವ್ವ ಮಣೆಯಿಂದ ಮುಂದಕ್ಕೆ ಸರಿದು, ನೀರು ನೆಲಕ್ಕೆ ಬೀಳಬಾರದೆಂದು ಆ ಕೈಯ ಕೆಳಗೆ ಒಂದು ಹಿತ್ತಾಳೆ ಬಟ್ಟಲು ಹಿಡಿದಳು. ಕೈಯನ್ನು ಮುಟ್ಟಲಿಲ್ಲ, ಬಟ್ಟಲನ್ನಷ್ಟೇ ಹಿಡಿದಳು. ಅಪ್ಪ ಬಲಗೈಯಿಂದ ತಂಬಿಗೆ ಬಾಗಿಸಿದ. ನೀರು ಲಿಂಗದ ಮೇಲೆ ಬಿತ್ತು, ಅಂಗೈ ತುಂಬಿತು, ಬಾಗಿದ ಬೆರಳುಗಳ ಸಂದಿಯಿಂದ ಎಡಕ್ಕೆ ಹರಿಯಿತು. ಕೈ ಬಿಡಲಿಲ್ಲ.

ಹರಿಯುವ ನೀರಿನ ಹಿಂದೆಯೇ ಅಪ್ಪನ ಕಣ್ಣು ಹೋಯಿತು, ದಿನಾ ಮೀನಿನ ಹಿಂದೆ ಹೋಗುವ ಹಾಗೆ. ಬೆರಳು ದಾಟಿತು. ಬಟ್ಟಲಿಗೆ ಇಳಿಯಿತು. ಬಟ್ಟಲು ಹಿಡಿದ ಹಸಿರು ಬಳೆಗಳಿಗೆ ಬಂದು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಗದ್ದ ಹೆಗಲನ್ನೂ ದಾಟಿ, ಇಷ್ಟು ದಿನ ಹೋಗದಷ್ಟು ದೂರ ಹೋದಾಗ, ಮಣೆಯ ಮೇಲೆ ಕೂತ ಅವ್ವನ ಮುಖ ಸಿಕ್ಕಿತು.

ಅಪ್ಪ ಅವಳನ್ನು ಬೆರಗಿನಿಂದ ನೋಡಿದ.

‘ನೀ ಯಾವಾಗ ಬಂದು ಕುಂತಿ?’

ಅವ್ವ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪನ ಹಣೆಯ ಮೇಲೆ ಅರ್ಧಕ್ಕೆ ನಿಂತ ವಿಭೂತಿಯನ್ನು ಅವಳು ಅವತ್ತು ಇನ್ನೂ ಮುಗಿಸಿರಲಿಲ್ಲ.

‘ಈಗ ಬಂದೀನ್ರಿ’ ಎಂದಳು.